ಬಫರ್ ಹಾಕದ ತಟ್ಟೆಗಳು

ಗುಡುಗು ನನ್ನ ತಮ್ಮನ ಬೆರಳು ಮುರಿದದ್ದು ಸೋಮವಾರ ಬೆಳಿಗ್ಗೆ, ಹತ್ತೂವರೆಯ ಹೊತ್ತಿಗೆ. ತಮ್ಮ ಫ್ರೀಜರಿನೊಳಗೆ ಕೈ ಹಾಕಿ ಯಾವುದೋ ಟ್ಯೂಬು ಹುಡುಕುತ್ತಿದ್ದ. ಗುಡುಗು ಹಿಂದಿನಿಂದ ಬಂದು, "ಇನ್ನೂ ಎಷ್ಟು ಹೊತ್ತು?" ಎಂದು ಕೇಳಿ, ಉತ್ತರ ಬರುವ ಮುಂಚೆಯೇ ಬಾಗಿಲು ಬಡಿದ. ಆ ಫ್ರೀಜರಿನ ಬಾಗಿಲು ಎಂದರೆ ಬಾಗಿಲಲ್ಲ, ಗೋಡೆಯ ತುಂಡು. ಎಡಗೈಯ ಉಂಗುರದ ಬೆರಳು ಹಸಿ ಕಡ್ಡಿಯ ಹಾಗೆ ಮುರಿಯಿತು. ತಮ್ಮ ಕೂಗಲಿಲ್ಲ. "ಸಾರಿ ಸರ್" ಎಂದ. ಬೆರಳು ಮುರಿಸಿಕೊಂಡವನೇ ಸಾರಿ ಕೇಳುವುದು ನಮ್ಮ ಲ್ಯಾಬಿನಲ್ಲಿ ಮಾತ್ರ.

ಗುಡುಗು ಎಂದರೆ ನಮ್ಮ ಪ್ರೊಫೆಸರು. ಎದುರಿಗೆ ಸರ್, ಬೆನ್ನ ಹಿಂದೆ ಗುಡುಗು. ಬೇರುಗಳ ವಿಷಯದಲ್ಲಿ ಅವನಿಗೆ ತಿಳಿಯದ್ದಿಲ್ಲ, ಮನುಷ್ಯರ ವಿಷಯದಲ್ಲಿ ತಿಳಿದದ್ದೊಂದೂ ಇಲ್ಲ. ಮೇಲಿನವರು ಬೈದರೆ ಬಂದು ನಮ್ಮ ಮೇಲೆ ಬೀಳುತ್ತಿದ್ದ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ನಮ್ಮಲ್ಲಿ ಎಂಟು ಕೊತ್ತಿಗಳಿದ್ದೆವು. ಗಾಜಿನ ತಟ್ಟೆ, ಪೆನ್ನು, ಒಮ್ಮೆ ತೂಕದ ಯಂತ್ರವನ್ನೇ ಎಸೆದಿದ್ದ. ಗೋಡೆಯಲ್ಲಿ ಅದರ ಗುರುತು ಇನ್ನೂ ಇದೆ.

ನಾನು ಆ ಲ್ಯಾಬಿನ ಮೀಡಿಯಾ ರೂಮಿನವಳು, ಬೀಜ ಮೊಳೆಯಲು ಬೇಕಾದ ಲೋಳೆ ತಯಾರಿಸುವವಳು. ಹತ್ತೊಂಬತ್ತು ವರ್ಷದಿಂದ ಅಗರ್ ಕಾಯಿಸುತ್ತಿದ್ದೇನೆ. ನೀರಿಗೆ ಉಪ್ಪುಗಳು, ಸ್ವಲ್ಪ ಸಕ್ಕರೆ, ಬಫರ್, ಅಗರ್ ಪುಡಿ ಹಾಕಿ ಬೇಯಿಸಿ, ಚೌಕದ ತಟ್ಟೆಗಳಿಗೆ ಸುರಿದು ಗಟ್ಟಿಯಾಗಲು ಬಿಡುವುದು. ಅದರ ಮೇಲೆ ಸಾಲಾಗಿ ಬೀಜವಿಟ್ಟು ತಟ್ಟೆಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಬೇರು ಮಣ್ಣಿನೊಳಗೆ ಬಚ್ಚಿಟ್ಟುಕೊಳ್ಳುವಂತಿಲ್ಲ, ಎಲ್ಲರೆದುರು ಇಳಿಯಬೇಕು. ಸ್ಕೇಲು ಹಿಡಿದು ಅಳೆಯಬಹುದು. ತಮ್ಮನನ್ನು ಈ ಲ್ಯಾಬಿಗೆ ಸೇರಿಸಿದವಳೂ ನಾನೇ. ನಾಲ್ಕು ವರ್ಷದಿಂದ ಅವನು ಇಲ್ಲೇ ಸಂಶೋಧನೆ ಮಾಡುತ್ತಿದ್ದ. ಮರಿ ಎಂದೇ ಕರೆಯುತ್ತೇನೆ. ಇಪ್ಪತ್ತೆಂಟು ವರ್ಷದ, ನನಗಿಂತ ಒಂದು ಗೇಣು ಎತ್ತರದ ಮರಿ.

ಅಮ್ಮ ಹೋದಾಗ ಅವನಿಗೆ ಹತ್ತು, ನನಗೆ ಇಪ್ಪತ್ತೆರಡು. ಅಪ್ಪ ಅದಕ್ಕೂ ಮುಂಚೆಯೇ ಇರಲಿಲ್ಲ. ನಾನೇ ಸಾಕಿದೆ. ಹೇಗೆ ಸಾಕಿದೆ ಎಂದು ಕೇಳಿದರೆ ಮುಚ್ಚಿಡುವುದಿಲ್ಲ, ಹೊಡೆದು ಸಾಕಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಲೆಕ್ಕ ತಪ್ಪಿದರೆ ಹೊಡೆದೆ, ಸುಳ್ಳು ಹೇಳಿದರೆ ಹೊಡೆದೆ, ಹಾಲು ಚೆಲ್ಲಿದರೂ ಹೊಡೆದೆ. ಅಪ್ಪನ ಒಂದು ಬೆಲ್ಟು ಮನೆಯಲ್ಲಿ ಉಳಿದಿತ್ತು. ಅದು ಹರಿದ ಮೇಲೆ ಕೈ. ಅದರಿಂದಲೇ ಅವನು ಕ್ಲಾಸಿಗೇ ಫಸ್ಟ್ ಬಂದ, ಅದರಿಂದಲೇ ಇಂದು ಬಿಳಿ ಕೋಟು ಹಾಕಿದ್ದಾನೆ ಎಂದು ನಾನು ಹತ್ತು ಜನರೆದುರು ಹೇಳಿಕೊಂಡವಳು. ಅವನೂ ಪಕ್ಕದಲ್ಲಿ ನಿಂತು ನಕ್ಕಿದ್ದಾನೆ.

ಅವನ ಕೆಲಸವನ್ನು ಅವನೇ ನನಗೆ ತಿಳಿಯುವ ಹಾಗೆ ಹೇಳಿಕೊಟ್ಟಿದ್ದ. ಬೇರಿನ ತುದಿಯಲ್ಲಿ ಕೆಲವೇ ಕೋಶಗಳಿವೆ, ಮಿಕ್ಕೆಲ್ಲ ಕೋಶಗಳನ್ನು ಹೆರುವುದು ಅವೇ. ಎಷ್ಟು ಹೆರಬೇಕು, ಯಾವಾಗ ನಿಲ್ಲಬೇಕು ಎಂದು ಹೇಳಲು ಅಲ್ಲಿ ಯಜಮಾನ ಯಾರೂ ಇಲ್ಲ. ಒಂದರ ಪಕ್ಕದಲ್ಲಿನ್ನೊಂದು ಕೂತು ಅವೇ ಮಾತಾಡಿಕೊಳ್ಳುತ್ತವೆ. ಆ ಮಾತೇ ಪೆಪ್ಟೈಡು. ಹನ್ನೆರಡು ಹದಿಮೂರು ಮಣಿಯ ಪುಟ್ಟ ಸರ. ಒಂದು ಕೋಶ ಅದನ್ನು ಹೊರಗೆ ಬಿಡುತ್ತದೆ. ಪಕ್ಕದ ಕೋಶದ ಮೈಮೇಲೆ ರಿಸೆಪ್ಟರ್ ಎನ್ನುವುದೊಂದು ಕೈಚಾಚಿಕೊಂಡು ಕೂತಿರುತ್ತದೆ. ಆ ಅಂಗೈಗೆ ಆ ಸರವೇ ಆಗಬೇಕು, ಬೇರೆಯದು ಕೂರುವುದಿಲ್ಲ. ಕೂತ ಕೂಡಲೇ ಒಳಗೆ ಸುದ್ದಿ ಹೋಗುತ್ತದೆ, ಸಾಕು, ಇನ್ನು ಬೆಳೆಯಬೇಡ. ಸರ ಜಾಸ್ತಿಯಾದರೆ ಬೇರು ಮೋಟಾಗುತ್ತದೆ. ರಿಸೆಪ್ಟರ್ ಕೆಟ್ಟಿದ್ದರೆ ಎಷ್ಟು ಸರ ಸುರಿದರೂ ಬೇರಿಗೆ ಪರಿವೆಯಿಲ್ಲ, ಇಳಿಯುತ್ತಲೇ ಹೋಗುತ್ತದೆ.

ಏಳು ತಿಂಗಳ ಹಿಂದೆ ಮರಿ ಹೊಸದೊಂದು ಸರ ಕಂಡುಹಿಡಿದಿದ್ದ. ಅದನ್ನು ಹಾಕಿದ ತಟ್ಟೆಯಲ್ಲಿ ಬೇರುಗಳು ಉಗುರಿನಷ್ಟಕ್ಕೇ ನಿಂತುಬಿಡುತ್ತಿದ್ದವು. ಆಮೇಲೆ ಸಾವಿರಾರು ಬೀಜ ಬಿತ್ತಿ, ನಿಲ್ಲದ ಬೇರೊಂದಕ್ಕಾಗಿ ಹುಡುಕಿದ. ಐದು ತಿಂಗಳ ಹಿಂದೆ ಸಿಕ್ಕಿತು. ಎಲ್ಲ ಮೋಟು ಬೇರುಗಳ ನಡುವೆ ಒಂದೇ ಒಂದು, ತಟ್ಟೆಯ ತಳದವರೆಗೆ ಇಳಿದಿತ್ತು. ಕಿವುಡಿ ಎಂದು ಹೆಸರಿಟ್ಟ. ಅವತ್ತು ಗುಡುಗು ಕೂಡ ನಕ್ಕ, ನಾವೆಲ್ಲ ಹೆದರಿದೆವು. ಈ ಶುಕ್ರವಾರ ಹೊರಗಿನಿಂದ ಪರೀಕ್ಷಕರು ಬರುವವರಿದ್ದರು. ಕಿವುಡಿಯನ್ನು ಕಣ್ಣಾರೆ ನೋಡಿ ಒಪ್ಪಿದರೆ ಮರಿಗೆ ಡಾಕ್ಟರೇಟು. ಒಪ್ಪದಿದ್ದರೆ ನಾಲ್ಕು ವರ್ಷ ನೀರಿನಲ್ಲಿ ಹೋಮ.

ಆದರೆ ಮೂರು ವಾರದಿಂದ ಸರ ಕೆಲಸ ಮಾಡುತ್ತಿರಲಿಲ್ಲ. ಹಾಕಿದರೂ ಬೇರು ನಿಲ್ಲುತ್ತಿರಲಿಲ್ಲ. ಎಲ್ಲವೂ ಕಿವುಡಿಯರೇ. ಸರದ ಪುಡಿ ಕೆಟ್ಟಿದೆ ಎಂದು ಹೊಸದು ತರಿಸಿದ, ಅದೂ ಅಷ್ಟೆ. ಅವನ ಕಣ್ಣು ಗುಳಿಬಿದ್ದವು. ಸೋಮವಾರ ಫ್ರೀಜರಿನಲ್ಲಿ ಹುಡುಕುತ್ತಿದ್ದದ್ದು ಹಳೆಯ ಪುಡಿಯ ಕೊನೆಯ ಟ್ಯೂಬು.

ಕಾರಣ ನನಗೆ ಶನಿವಾರವೇ ಗೊತ್ತಾಗಿತ್ತು.

ಆ ಸರದ ಪುಡಿ ಕಂಪನಿಯಿಂದ ಬರುವಾಗಲೇ ಸ್ವಲ್ಪ ಆಸಿಡ್ ಅಂಟಿಸಿಕೊಂಡು ಬರುತ್ತದೆ. ನೀರಿಗೆ ಹಾಕಿದರೆ ನೀರು ಹುಳಿ. ಬೇರಿಗೆ ಹುಳಿ ಆಗದು, ಮೋಟಾಗುತ್ತದೆ. ಅದಕ್ಕೇ ಮೀಡಿಯಾದಲ್ಲಿ ಬಫರ್ ಇರುವುದು, ಬಂದ ಹುಳಿಯನ್ನೆಲ್ಲ ಅದು ನುಂಗಿಕೊಳ್ಳುತ್ತದೆ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಐದನೆಯ ಸಾಲು ಅದೇ. ಎಂಟು ತಿಂಗಳ ಹಿಂದೆ ಬಫರ್ ಪುಡಿ ಮುಗಿಯಿತು. ತರಿಸಲು ಗುಡುಗಿನ ಸಹಿ ಬೇಕು. ಹಿಂದಿನ ವಾರವಷ್ಟೇ ಅವನು ಇನ್ನೇನೋ ಮುಗಿದದ್ದಕ್ಕೆ ನನ್ನ ಮುಖಕ್ಕೆ ಬಾಟಲಿಯ ಮುಚ್ಚಳ ಎಸೆದಿದ್ದ. ಯಾರಿಗೆ ಬೇಕು ಆ ರಗಳೆ ಎಂದುಕೊಂಡೆ. ಬಫರ್ ಇಲ್ಲದೆಯೇ ಕಾಯಿಸಿದೆ. ಸುರಿಯುವ ಮುಂಚೆ ಹುಳಿ ನೋಡುತ್ತಿದ್ದೆ, ಸರಿಯಾಗೇ ಇರುತ್ತಿತ್ತು. ಸರ ಬೀಳುವುದು ಆಮೇಲೆ, ಅಗರ್ ಆರಿ ಬಾಟಲಿ ಕೈಯಲ್ಲಿ ಹಿಡಿಯುವಷ್ಟಾದ ಮೇಲೆ. ಆಮೇಲೆ ಯಾರೂ ಹುಳಿ ನೋಡುವುದಿಲ್ಲ. ಹತ್ತೊಂಬತ್ತು ವರ್ಷದವಳ ಮೀಡಿಯಾ, ನೋಡುವುದೇನಿದೆ? ಸರ ಹಾಕದ ತಟ್ಟೆಗಳಿಗೆ ಬರೀ ನೀರು, ಅಲ್ಲಿ ಬೇರು ಉದ್ದ. ಸರ ಹಾಕಿದ ತಟ್ಟೆಗೆ ಹುಳಿ, ಅಲ್ಲಿ ಮೋಟು. ಮೂರು ವಾರದ ಹಿಂದೆ ಉಗ್ರಾಣದವನು ತಾನಾಗಿಯೇ ಹೊಸ ಬಫರ್ ಡಬ್ಬಿ ಕಳಿಸಿದ. ನಾನು ಸುಮ್ಮನೆ ಮತ್ತೆ ಹಾಕಲು ಶುರುಮಾಡಿದೆ.

ಶನಿವಾರ ಡಬ್ಬಿಯ ಮೇಲಿನ ತಾರೀಖು ಕಣ್ಣಿಗೆ ಬಿತ್ತು. ಡಬ್ಬಿ ಬಂದ ದಿನದಿಂದಲೇ ಸರ ಕೆಲಸ ನಿಲ್ಲಿಸಿತ್ತು. ಸರವೂ ಇಲ್ಲ, ರಿಸೆಪ್ಟರೂ ಇಲ್ಲ. ಕಿವುಡಿ ಎನ್ನುವುದು ಹುಳಿ ತಡೆದುಕೊಳ್ಳುವ ಒಂದು ಗಟ್ಟಿ ಗಿಡ, ಅಷ್ಟೆ. ನನ್ನ ಮರಿ ಏಳು ತಿಂಗಳು ಅಳೆದದ್ದು ನನ್ನ ಸೋಮಾರಿತನವನ್ನು.

ಅವತ್ತೇ ಹೇಳಬೇಕಿತ್ತು. ಅವನು ಬೆನ್ನು ಬಗ್ಗಿಸಿಕೊಂಡು ಊಟ ಮಾಡುತ್ತಿದ್ದ, ನಾನು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಇನ್ನೇನೋ ಹೇಳಿದೆ. ಒಮ್ಮೆ ಉಪ್ಪು ಸಾಕಾ ಎಂದೆ. ಇನ್ನೊಮ್ಮೆ, ನೆಟ್ಟಗೆ ಕೂತು ತಿನ್ನು ಎಂದು ಗದರಿದೆ. ತಪ್ಪು ಒಪ್ಪಿಕೊಳ್ಳುವುದು ನನಗೆ ಅಭ್ಯಾಸವಿಲ್ಲ. ಒಪ್ಪಿಸುವುದು ಮಾತ್ರ ಅಭ್ಯಾಸ.

ಬುಧವಾರ ಮಧ್ಯಾಹ್ನ ಅವನು ಮೀಡಿಯಾ ರೂಮಿಗೆ ಬಂದ. ಬೆರಳಿಗೆ ಪಟ್ಟಿ. ಇನ್ನೊಂದು ಕೈಯಲ್ಲಿ ಕೋಲ್ಡ್ ರೂಮಿನಿಂದ ತಂದ ಹಳೆಯ ತಟ್ಟೆ, ಅದರ ಅಗರಿಗೆ ಅಂಟಿಸಿದ ಹುಳಿ ನೋಡುವ ಕಾಗದ. ಕಾಗದದ ಬಣ್ಣ ದೂರದಿಂದಲೇ ಕಂಡಿತು.

"ಅಕ್ಕ, ಒಂದು ಕೇಳ್ತೀನಿ. ಸಿಟ್ಟು ಮಾಡ್ಕೋಬೇಡ."

"ಕೇಳು."

"ಆಗ ಬಫರ್ ಹಾಕ್ತಿದ್ಯಾ?"

"ಬಫರ್ ಹಾಕದೆ ನಿನ್ನ ತಲೆ ಹಾಕ್ತಿದ್ನಾ?"

"ಅಲ್ಲ, ಇದು ನೋಡು, ತುಂಬ ಹುಳಿ..."

ಅವನ ಮಾತು ಮುಗಿಯಲಿಲ್ಲ. ಕೆನ್ನೆಗೆ ಬಾರಿಸಿದೆ. ತಟ್ಟೆ ಕೆಳಗೆ ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಕೇಳಿದವನ ಕೆನ್ನೆ ಮುಟ್ಟಿದೆ. "ಹತ್ತೊಂಬತ್ತು ವರ್ಷ ಆಯ್ತು ನಾನು ಇಲ್ಲಿ! ನಿನ್ನ ಕೆಲಸ ಕೆಟ್ಟರೆ ನನ್ನ ಮೇಲೆ ಹಾಕ್ತೀಯಾ? ಅನ್ನ ಹಾಕಿದ ಕೈ ಇದು!" ಎಂದು ಕೂಗಾಡಿದೆ. ಅವನು ತಲೆ ಬಗ್ಗಿಸಿ, ಒಂದೇ ಕೈಯಲ್ಲಿ ಅಗರಿನ ಚೂರುಗಳನ್ನು ಬಳಿದು ಕಸದ ಬುಟ್ಟಿಗೆ ಹಾಕಿ, ನೆಲ ಒರೆಸಿ ಹೋದ. ಹೋಗುವಾಗ ಕಪಾಟಿನ ಮೇಲಿದ್ದ ಬಫರ್ ಡಬ್ಬಿಯನ್ನು, ಅದರ ತಾರೀಖನ್ನು ನೋಡಿದ. ನೋಡಿದ್ದನ್ನು ನಾನೂ ನೋಡಿದೆ.

ಗುರುವಾರ ಹನ್ನೆರಡು ಗಂಟೆಗೆ ಅವನು ಗುಡುಗಿಗೆ ಹೇಳಿದ. ಕೋಣೆಯಲ್ಲಲ್ಲ, ಲ್ಯಾಬಿನ ನಡುವೆ, ಎಲ್ಲರಿದ್ದಾಗ. ಒಬ್ಬನೇ ಹೇಳಲು ಹೆದರಿರಬೇಕು. ನಾನು ಗಟ್ಟಿಯಾದ ಅಗರಿನ ಒಂದು ಲೀಟರಿನ ಬಾಟಲಿ ಹಿಡಿದು, ಬಿಸಿಗಿಟ್ಟು ಕರಗಿಸಲು ಒಲೆಯ ಕಡೆಗೆ ಹೊರಟಿದ್ದೆ. ಬಾಗಿಲಲ್ಲೇ ನಿಂತೆ.

"ಸರ್, ನಾಳೆ ತೋರಿಸೋಕೆ ಏನೂ ಇಲ್ಲ. ಅದು ಪೆಪ್ಟೈಡ್ ಅಲ್ಲ, ಆಸಿಡ್. ಮೀಡಿಯಾದಲ್ಲಿ ಬಫರ್ ಇರಲಿಲ್ಲ."

"ಯಾರು ಹಾಕಿಲ್ಲ?"

ನನ್ನ ಬಾಯಲ್ಲಿ ಒಂದು ಮಾತಿತ್ತು. ನಾನು ಸರ್. ಎರಡೇ ಪದ. ಬಾಟಲಿಯನ್ನು ಎದೆಗೆ ಅವಚಿಕೊಂಡೆ.

ಮರಿ ನನ್ನ ಕಡೆ ನೋಡಲೂ ಇಲ್ಲ. "ನಾನೇ ಸರ್. ಬೇಡ ಅಂತ ನಾನೇ ಅಕ್ಕಂಗೆ ಹೇಳಿದ್ದೆ" ಎಂದ.

ಗುಡುಗು ಮೇಜಿನ ಮೇಲಿದ್ದ ಸ್ಟ್ಯಾಂಡಿನ ಕಬ್ಬಿಣದ ಸರಳು ಕಿತ್ತುಕೊಂಡ. ಮೊದಲ ಪೆಟ್ಟು ಭುಜಕ್ಕೆ. ಎರಡನೆಯದು ಕಿವಿಯ ಮೇಲೆ, ಚರ್ಮ ಹರಿದು ರಕ್ತ ಬಿಳಿ ಕೋಟಿನ ಕಾಲರಿಗಿಳಿಯಿತು. "ನಾಲ್ಕು ವರ್ಷ! ನಾಳೆ ನನ್ನ ಮರ್ಯಾದೆ!" ಎನ್ನುತ್ತ ಮೂರನೆಯದನ್ನು ಪಟ್ಟಿ ಕಟ್ಟಿದ ಕೈಯ ಮೇಲೇ ಹಾಕಿದ. ಆಗ ಮರಿ ಕೂಗಿದ. ಸೋಮವಾರ ಬೆರಳು ಮುರಿದಾಗ ಕೂಗದವನು ಈಗ ಕೂಗಿದ.

ಆಗಲೂ ಆ ಎರಡು ಪದ ಹೇಳಿದ್ದರೆ ಸಾಕಿತ್ತು. ಸರಳು ನನ್ನ ಕಡೆ ತಿರುಗುತ್ತಿತ್ತು, ಮರಿ ಉಳಿಯುತ್ತಿದ್ದ. ಆದರೆ ನನಗೆ ಹೇಳುವುದಕ್ಕಿಂತ ಹೊಡೆಯುವುದು ಸುಲಭ. ಬಾಟಲಿ ಎರಡೂ ಕೈಯಲ್ಲಿ ಹಿಡಿದು ಓಡಿದೆ, ಗುಡುಗಿನ ದವಡೆಗೆ ಬೀಸಿದೆ.

ಗಟ್ಟಿ ಅಗರು ತುಂಬಿದ ದಪ್ಪ ಗಾಜು ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ. ಒಡೆದದ್ದು ದವಡೆ. ಅವನ ಬಾಯಿಂದ ಹಲ್ಲೊಂದು ಹಾರಿ ಸಿಂಕಿನಲ್ಲಿ ಟಣ್ ಎಂದು ಬಿತ್ತು. ಅವನು ತಿರುಗಿ ಸರಳೆತ್ತಿದ, ನನ್ನ ಮೊಣಕೈಗೆ ತಾಗಿತು, ನೋವೇ ಗೊತ್ತಾಗಲಿಲ್ಲ. ಎರಡನೆಯ ಏಟಿಗೆ ಅವನು ಸ್ಟೂಲು ಸಮೇತ ಉರುಳಿದ. ಎದೆಯ ಮೇಲೆ ಮಂಡಿಯೂರಿ ಕೂತೆ. ಹತ್ತೊಂಬತ್ತು ವರ್ಷದ್ದೆಲ್ಲ ಕೈಗೆ ಬಂದಿತ್ತು. ಎಸೆದ ತಟ್ಟೆಗಳು, ಮುಚ್ಚಳ, ಮುರಿದ ಬೆರಳು. ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ? ಅಂಥ ಖುಷಿ ನನಗೆ ಬಹಳ ವರ್ಷದಿಂದ ಆಗಿರಲಿಲ್ಲ.

"ಸಾಕು ಅಕ್ಕ! ಸಾಕು!"

ಮರಿ ನನ್ನ ರಟ್ಟೆ ಹಿಡಿದು ಎಳೆಯುತ್ತಿದ್ದ. ಅವನ ಕೂಗು ಕೇಳಿಸಲಿಲ್ಲ ಎಂದು ಠಾಣೆಯಲ್ಲಿ ಬರೆಸಿದ್ದೇನೆ. ಸುಳ್ಳು. ಚೆನ್ನಾಗಿ ಕೇಳಿಸಿತು. ಕೇಳಿಸಿದ ಮೇಲೂ ಎರಡು ಹಾಕಿದೆ. ಮೂರನೆಯದಕ್ಕೆ ಬಾಟಲಿ ಎತ್ತಿದಾಗ ಅವನು ನನ್ನನ್ನು ಬಿಟ್ಟು ಗುಡುಗಿನ ಮೇಲೆ ಅಡ್ಡ ಬಿದ್ದ. ತನ್ನ ಬೆರಳು ಮುರಿದವನನ್ನು ತಬ್ಬಿಕೊಂಡು, ನನಗೆ ಬೆನ್ನು ಕೊಟ್ಟು ಮಲಗಿದ. ಎತ್ತಿದ ಕೈ ನಿಲ್ಲಲಿಲ್ಲ. ಬಾಟಲಿ ಅವನ ಹೆಗಲಿನ ಮೂಳೆಯ ಮೇಲೆ ಇಳಿಯಿತು. ಆ ಸದ್ದಿಗೆ ನನ್ನ ಕೈ ಸಡಿಲವಾಯಿತು.

ಮಿಕ್ಕವರು ಬಂದು ನನ್ನನ್ನು ಗೋಡೆಗೆ ಒತ್ತಿ ಹಿಡಿದರು. ಪೊಲೀಸರಿಗೆ ಫೋನು ಮಾಡಿದವನು ಮರಿ. ನೆಲದ ಮೇಲೆ ಕೂತುಕೊಂಡೇ, ಸರಿಯಿದ್ದ ಕೈಯಲ್ಲಿ ನಂಬರು ಒತ್ತಿ, ನನ್ನ ಪೂರ್ತಿ ಹೆಸರು ಹೇಳಿದ.

ಗುಡುಗು ಸತ್ತಿಲ್ಲ. ದವಡೆಗೆ ತಂತಿ ಹಾಕಿದ್ದಾರೆ, ಹಣೆಗೆ ಹದಿನಾಲ್ಕು ಹೊಲಿಗೆ. ಅವನ ಮೇಲೂ ಕೇಸಾಗಿದೆ. ಇದನ್ನು ಠಾಣೆಯಲ್ಲಿ ಹೇಳಿದವರು ಅಲ್ಲಿನ ಮೇಡಂ, ದಪ್ಪ ಕನ್ನಡಕದ, ನನ್ನಷ್ಟೇ ವಯಸ್ಸಿನವರು. ಸಂಜೆ ಐದಕ್ಕೆ ಮರಿಯನ್ನೂ ಆಸ್ಪತ್ರೆಯಿಂದ ಕರೆತಂದು ನನ್ನೆದುರಿನ ಬೆಂಚಿನಲ್ಲಿ ಕೂರಿಸಿದರು. ಕಿವಿಗೆ ಬ್ಯಾಂಡೇಜು, ತೋಳು ಜೋಲಿಯಲ್ಲಿ.

ಅವನ ಮುಖ ನೋಡಿದ್ದೇ ಆ ಮಾತು ತಾನಾಗಿ ಹೊರಗೆ ಬಂತು. "ಮೇಡಂ, ಬಫರ್ ಹಾಕದವಳು ನಾನು. ಇವನದೇನೂ ತಪ್ಪಿಲ್ಲ."

"ಬಫರ್ ಅಂದ್ರೇನಮ್ಮ?" ಎಂದು ಮೇಡಂ ಪೆನ್ನು ಎತ್ತಿ ಕೇಳಿದರು. ಆ ಎರಡು ಪದಕ್ಕೆ ನಾನು ಒಬ್ಬನ ದವಡೆ ಮುರಿದಿದ್ದೆ. ಬರೆದುಕೊಳ್ಳುವವರಿಗೆ ಅದು ಏನೂ ಅಲ್ಲ.

"ಗೊತ್ತಿತ್ತು ಅಕ್ಕ" ಎಂದ ಮರಿ. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ಗೊತ್ತಿದ್ದೂ ಯಾಕೋ ನಿನ್ನ ಮೈಮೇಲೆ ಎಳ್ಕೊಂಡೆ? ನನಗೋಸ್ಕರ ಅಷ್ಟು ಏಟು ತಿಂದ್ಯಲ್ಲೋ!" ನನಗೆ ಅಳು ಬಂದಿತ್ತು. ಹೆತ್ತಿಲ್ಲದಿದ್ದರೂ ಸಾಕಿದ್ದಕ್ಕೆ ಸಾರ್ಥಕವಾಯಿತು ಎಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ.

ಅವನು ಜೋಲಿಯ ಪಟ್ಟಿ ಸರಿಮಾಡಿಕೊಂಡ. "ನಿನಗೋಸ್ಕರ ಅಲ್ಲ ಅಕ್ಕ. ನಿನ್ನ ಹೆಸರು ಹೇಳಿದ್ರೆ ಸಂಜೆ ಮನೆಗೆ ಬರ್ಬೇಕಲ್ಲ. ಸರ್ ಹೊಡೆದ್ರೆ ಆರು ಗಂಟೆಗೆ ಮುಗಿಯುತ್ತೆ."

ಮೇಡಂ ಬರೆಯುವುದನ್ನು ನಿಲ್ಲಿಸಿದರು. ನಿಮ್ಮಕ್ಕ ಎಷ್ಟು ದಿನದಿಂದ ಹೊಡೀತಾರೆ ಎಂದು ಕೇಳಿದರು. ಹತ್ತು ವರ್ಷದವನಿದ್ದಾಗಿನಿಂದ ಎಂದ. ಕೊನೆಯ ಸಲ ಯಾವಾಗ ಎಂದರು. ಇವತ್ತು ಮಧ್ಯಾಹ್ನ, ಅದಕ್ಕೂ ಮುಂಚೆ ನಿನ್ನೆ, ಎಂದ. ಅದನ್ನು ಲ್ಯಾಬಿನ ತಟ್ಟೆಗಳ ಅಳತೆ ಹೇಳುವ ಹಾಗೆ ಹೇಳಿದ, ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಅದೆಲ್ಲ ನಿನ್ನ ಒಳ್ಳೇದಕ್ಕೇ ಎನ್ನಲು ಬಾಯಿ ತೆರೆದೆ. ಮೇಡಂ ನನ್ನ ಕಡೆ ನೋಡಿದರು. ಬಾಯಿ ಮುಚ್ಚಿಕೊಂಡೆ.

ನನ್ನನ್ನು ಒಳಗೆ ಕರೆದೊಯ್ಯುವ ಹೊತ್ತಿಗೆ ಅವನು ಎದ್ದು ನಿಂತ.

"ಅಕ್ಕ, ಮನೆ ಬೀಗದ ಕೈ ಕೊಡು."

"ನಿನ್ನ ಹತ್ತಿರ ಒಂದಿದ್ಯಲ್ಲೋ?"

"ಇದೆ. ನಿನ್ನದು ಕೊಡು."

ನನಗೆ ಅರ್ಥವಾಯಿತು. ಜಾಮೀನು ಸಿಕ್ಕರೂ ನಾನು ಆ ಮನೆಗೆ ಬರಬಾರದು. ನಾನು ಬಾಡಿಗೆ ಕಟ್ಟುವ ಮನೆ, ನಾನು ಒಲೆ ಹಚ್ಚುವ ಮನೆ, ಎಂದು ಒಂದು ಕ್ಷಣ ರಕ್ತ ತಲೆಗೇರಿತು. ಅದು ತಾನಾಗಿಯೇ ಇಳಿಯಿತು. ಇಳಿದದ್ದು ಜೀವನದಲ್ಲಿ ಅದೇ ಮೊದಲ ಸಲ ಇರಬೇಕು. ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದೆ. ನಡುವೆ ಮೇಜಿತ್ತು, ಅದರ ಮೇಲೆ ಕಡತಗಳ ರಾಶಿ. ಅದನ್ನು ದಾಟಿಸಿ ಕೊಡಲು ಕೈ ಎತ್ತಿದೆ.

ಮರಿ ಕಣ್ಣು ಮುಚ್ಚಿ, ಸರಿಯಿದ್ದ ತೋಳನ್ನು ಮುಖಕ್ಕೆ ಅಡ್ಡ ಹಿಡಿದ.

ನಾನು ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಅವನು ತೋಳಿಳಿಸುವವರೆಗೆ ಕಾದೆ.